ಸೊಪ್ಪಿನ ರಸ, ಸತುವಿನ ಬೂದಿ

ಹಲ್ಲಿನ ವೈದ್ಯರ ಕೋಣೆಯೊಳಗೆ ಕಾಲಿಟ್ಟವರಿಗೆ ಮೊದಲು ಎದುರಾಗುವುದು ಲವಂಗದ ವಾಸನೆ. ಹುಳುಕು ಹಲ್ಲಿನ ಕುಳಿಯನ್ನು ತಾತ್ಕಾಲಿಕವಾಗಿ ಮುಚ್ಚಬೇಕಾದಾಗ ವೈದ್ಯರು ಗಾಜಿನ ಹಲಗೆಯ ಮೇಲೆ ಒಂದಿಷ್ಟು ಬಿಳಿಯ ಪುಡಿ ಹಾಕಿ, ಲವಂಗದೆಣ್ಣೆಯ ಸತ್ವವನ್ನು ಹನಿಹನಿಯಾಗಿ ಬೆರೆಸಿ, ಕಣಕದ ಹದಕ್ಕೆ ಕಲಸುತ್ತಾರೆ. ಕೆಲವೇ ನಿಮಿಷಗಳಲ್ಲಿ ಅದು ಗಟ್ಟಿಯಾಗಿ ಕುಳಿಯಲ್ಲಿ ಕೂತುಬಿಡುತ್ತದೆ, ನೋವೂ ತಗ್ಗುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಬಳಕೆಯಲ್ಲಿರುವ ಈ ಮಿಶ್ರಣದ ಬಿಳಿಯ ಪುಡಿ ಬೇರೇನೂ ಅಲ್ಲ, ಸತುವಿನ ಆಕ್ಸೈಡ್. ಸತುವನ್ನು ಗಾಳಿಯಲ್ಲಿ ಸುಟ್ಟರೆ ಉಳಿಯುವ ಬೂದಿ. ಮಕ್ಕಳಿಗೆ ಸೀತಾಳೆ ಸಿಡುಬು, ಬೆವರುಸಾಲೆ ಆದಾಗ ಮೈಗೆ ಹಚ್ಚುವ ನಸುಗೆಂಪಿನ ಕ್ಯಾಲಮೈನ್ ದ್ರವದಲ್ಲಿರುವುದೂ ಅದೇ. ಬಣ್ಣ ಬಂದಿರುವುದು ಅದರಲ್ಲಿ ಬೆರೆಸಿದ ಚಿಟಿಕೆಯಷ್ಟು ಕಬ್ಬಿಣದ ಆಕ್ಸೈಡ್‌ನಿಂದ.

ಹೀಗೆ ಗಿಡಮೂಲಿಕೆಯ ಸತ್ವವೂ ಲೋಹದ ಬೂದಿಯೂ ಒಂದೆಡೆ ಸೇರುವ ಕಥೆ ಬಹಳ ಹಳೆಯದು. ಕಳೆದ ಎರಡು ದಶಕಗಳಲ್ಲಿ ಅದಕ್ಕೊಂದು ಹೊಸ ಅಧ್ಯಾಯ ಸೇರಿದೆ. ಬೇವು, ಲೋಳೆಸರ, ಕಕ್ಕೆ, ಹೀಗೆ ಯಾವುದಾದರೊಂದು ಗಿಡದ ಎಲೆಯ ಕಷಾಯ ತೆಗೆದು, ಅದಕ್ಕೆ ಸತುವಿನದೋ ತಾಮ್ರದ್ದೋ ಲವಣ ಬೆರೆಸಿ, ಕಾಯಿಸಿ, ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳ ಪುಡಿ ಮಾಡುವುದು, ಆ ಪುಡಿ ರೋಗಾಣುಗಳನ್ನು ಕೊಲ್ಲುತ್ತದೆಯೇ ಎಂದು ಪರೀಕ್ಷಿಸುವುದು ಈಗ ದೇಶದ ಕಾಲೇಜು ಕಾಲೇಜುಗಳ ಪ್ರಯೋಗಶಾಲೆಗಳಲ್ಲಿ ನಡೆಯುತ್ತಿರುವ ಕೆಲಸ. ಇದಕ್ಕೆ 'ಹಸಿರು ಸಂಶ್ಲೇಷಣೆ' ಎಂದು ಹೆಸರು. ಇದನ್ನು ಕಂಡ ಕೆಲವರು ನಮ್ಮ ಪೂರ್ವಿಕರು ಇದನ್ನೆಲ್ಲ ಎಂದೋ ಮಾಡಿ ಮುಗಿಸಿದ್ದರು ಎನ್ನುತ್ತಾರೆ. ಇನ್ನು ಕೆಲವರು ಹಳೆಯ ಭಸ್ಮಗಳೆಲ್ಲ ವಿಷವೆಂದು ತಳ್ಳಿಹಾಕುತ್ತಾರೆ. ಎರಡು ಮಾತೂ ಅರ್ಧ ಸತ್ಯ. ಹಳೆಯವರು ನಿಜವಾಗಿ ಏನು ಮಾಡಿದ್ದರು, ಏನನ್ನು ತಿಳಿದಿರಲಿಲ್ಲ ಎಂಬುದನ್ನು ಬಿಡಿಸಿ ನೋಡಿದರೆ ಕಥೆ ಇನ್ನಷ್ಟು ಸ್ವಾರಸ್ಯಕರವಾಗುತ್ತದೆ.

ಮುಳುಗಿದ ಹಡಗಿನ ಮಾತ್ರೆಗಳು

ಸತುವಿನ ಕಥೆಯಲ್ಲಿ ಲೋಹಕ್ಕಿಂತ ಬೂದಿಯೇ ಹಿರಿಯದು. ಪ್ರಾಚೀನರು ತಾಮ್ರದ ಅದಿರು ಕರಗಿಸುವಾಗ ಅದರಲ್ಲಿ ಬೆರೆತಿದ್ದ ಸತು ಆವಿಯಾಗಿ ಮೇಲೇರಿ, ಕುಲುಮೆಯ ಗೋಡೆ ಮತ್ತು ಹೊಗೆಗಂಡಿಯಲ್ಲಿ ಬಿಳಿಯ ಹಿಂಜಿದ ಅರಳೆಯಂತೆ ಅಂಟಿಕೊಳ್ಳುತ್ತಿತ್ತು. ಸೈಪ್ರಸ್ ದ್ವೀಪದ ಕುಲುಮೆಗಳಲ್ಲಿ ಸಿಗುತ್ತಿದ್ದ ಈ ಅರಳೆಯನ್ನು ಕ್ರಿ.ಶ. ಒಂದನೆಯ ಶತಮಾನದ ಗ್ರೀಕ್ ವೈದ್ಯ ಡಯಾಸ್ಕೊರೈಡಿಸ್ ವರ್ಣಿಸಿ, ಔಷಧಗಳ ಪಟ್ಟಿಯಲ್ಲಿ ಸೇರಿಸಿದ್ದಾನೆ. ನಮ್ಮ ಆಯುರ್ವೇದ ಗ್ರಂಥಗಳಲ್ಲಿ ಕಣ್ಣಿನ ಔಷಧವಾಗಿ ಬರುವ 'ಪುಷ್ಪಾಂಜನ'ವೂ ಇದೇ ಎಂದು ಹಲವು ವಿದ್ವಾಂಸರು ಗುರುತಿಸುತ್ತಾರೆ. ಕುಲುಮೆಯಲ್ಲಿ ಅರಳಿದ ಹೂವು ಎಂಬ ಕಲ್ಪನೆ ಎರಡೂ ಕಡೆ ಹುಟ್ಟಿದ್ದು ಅಚ್ಚರಿಯೇನಲ್ಲ, ನೋಡಲು ಅದು ಹಾಗೆಯೇ ಇರುತ್ತದೆ.

ಇಟಲಿಯ ಟಸ್ಕನಿ ಕರಾವಳಿಯ ಬಳಿ ಕ್ರಿ.ಪೂ. 140-130ರ ಸುಮಾರಿಗೆ ಒಂದು ಹಡಗು ಮುಳುಗಿತು. ಅದರಲ್ಲಿ ವೈದ್ಯನೊಬ್ಬನ ಪೆಟ್ಟಿಗೆಯಿತ್ತು. ಪೆಟ್ಟಿಗೆಯೊಳಗೆ ತವರದ ಒಂದು ಡಬ್ಬಿ, ಡಬ್ಬಿಯೊಳಗೆ ನಾಣ್ಯದಂಥ ಬೂದುಬಣ್ಣದ ಚಪ್ಪಟೆ ಬಿಲ್ಲೆಗಳು. ಎರಡು ಸಾವಿರ ವರ್ಷ ಸಮುದ್ರದ ತಳದಲ್ಲಿದ್ದರೂ ಅವು ಕರಗಿರಲಿಲ್ಲ. 2013ರಲ್ಲಿ ಇಟಲಿಯ ರಸಾಯನಶಾಸ್ತ್ರಜ್ಞರು ಪ್ರಕಟಿಸಿದ ವಿಶ್ಲೇಷಣೆಯಂತೆ ಅವುಗಳ ಬಹುಭಾಗ ಸತುವಿನ ಸಂಯುಕ್ತಗಳು. ಜೊತೆಗೆ ಪೈನ್ ಮರದ ರಾಳ, ಪಿಷ್ಟ, ಸಸ್ಯದ ಎಣ್ಣೆಯ ಅಂಶ, ಗಿಡದ ನಾರು. ಬಹುಶಃ ನೀರಿನಲ್ಲಿ ತೇಯ್ದು ಕಣ್ಣಿಗೆ ಹಾಕುತ್ತಿದ್ದ ಔಷಧವಿದು. ಲೋಹವೂ ಗಿಡವೂ ಕೂಡಿದ ಔಷಧಕ್ಕೆ ಇದಕ್ಕಿಂತ ಗಟ್ಟಿ ಪುರಾವೆ ಬೇಕಿಲ್ಲ.

ಹದಿಮೂರನೆಯ ಶತಮಾನದಲ್ಲಿ ಪರ್ಷಿಯಾವನ್ನು ಹಾದುಹೋದ ಮಾರ್ಕೊ ಪೋಲೊ, ಅಲ್ಲಿನ ಒಂದು ಊರಿನಲ್ಲಿ 'ತೂತಿಯಾ' ತಯಾರಿಸುವುದನ್ನು ಕಂಡು ಬರೆದಿದ್ದಾನೆ. ಒಂದು ಬಗೆಯ ಮಣ್ಣನ್ನು ಉರಿಯುವ ಕುಲುಮೆಗೆ ಹಾಕಿ, ಮೇಲೆ ಕಬ್ಬಿಣದ ಜಾಲರಿ ಇಟ್ಟರೆ, ಹೊಗೆ ಜಾಲರಿಗೆ ಅಂಟಿ ಕಣ್ಣಿಗೆ ಒಳ್ಳೆಯ ಔಷಧವಾಗುತ್ತದೆ ಎಂಬುದು ಅವನ ವರದಿ. ಈ ತೂತಿಯಾ ಎಂಬ ಪದ ಸಂಸ್ಕೃತದ 'ತುತ್ಥ'ದಿಂದ ಬಂದುದೆಂದು ಭಾಷಾಶಾಸ್ತ್ರಜ್ಞರ ಅಭಿಪ್ರಾಯ. ಅಡಿಕೆ ತೋಟದವರಿಗೆ ಈ ಪದ ಅಪರಿಚಿತವಲ್ಲ. ಗ್ರಂಥಿಗೆ ಅಂಗಡಿಯಲ್ಲಿ ಸಿಗುವ ನವಿಲುಬಣ್ಣದ ಮೈಲುತುತ್ತದ 'ತುತ್ತ' ಅದೇ. ಆದರೆ ಅದು ಸತುವಲ್ಲ, ತಾಮ್ರದ ಲವಣ. ಹಳಬರಿಗೆ ಈ ಎರಡೂ ಒಂದೇ ಕುಟುಂಬದ ವಸ್ತುಗಳಾಗಿದ್ದವು.

ಬದನೆಕಾಯಿ ಮೂಸೆ

ಬೂದಿ ಸಿಕ್ಕಷ್ಟು ಸುಲಭವಾಗಿ ಸತು ಸಿಗಲಿಲ್ಲ. ಅದಕ್ಕೆ ಕಾರಣ ಸತುವಿನ ಸ್ವಭಾವ. ತಾಮ್ರ, ಕಬ್ಬಿಣದ ಅದಿರನ್ನು ಇದ್ದಿಲಿನೊಡನೆ ಕಾಯಿಸಿದರೆ ಲೋಹ ಕರಗಿ ಕೆಳಗೆ ಇಳಿಯುತ್ತದೆ. ಸತು ಹಾಗಲ್ಲ. ಅದು 907 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕುದಿಯುತ್ತದೆ, ಅದಿರಿನಿಂದ ಬಿಡುಗಡೆಯಾಗಲು ಅದಕ್ಕಿಂತ ಹೆಚ್ಚಿನ ಶಾಖ ಬೇಕು. ಹಾಗಾಗಿ ಹುಟ್ಟುವಾಗಲೇ ಆವಿಯಾಗಿ ಹುಟ್ಟಿ, ಗಾಳಿ ತಗುಲಿದೊಡನೆ ಮತ್ತೆ ಬೂದಿಯಾಗುತ್ತದೆ. ಗಾಳಿ ಸೋಕದಂತೆ ಆ ಆವಿಯನ್ನು ಹಿಡಿದು ತಣಿಸಿದರೆ ಮಾತ್ರ ಲೋಹ ದಕ್ಕುತ್ತದೆ.

ಈ ಕೌಶಲವನ್ನು ಜಗತ್ತಿನಲ್ಲಿ ಮೊದಲು ದೊಡ್ಡ ಪ್ರಮಾಣದಲ್ಲಿ ಸಾಧಿಸಿದ್ದು ರಾಜಸ್ಥಾನದ ಉದಯಪುರದ ಬಳಿಯ ಝಾವರ್‌ನಲ್ಲಿ. 1980ರ ದಶಕದಲ್ಲಿ ಬ್ರಿಟಿಷ್ ಮ್ಯೂಸಿಯಂ, ಬರೋಡದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯ ಮತ್ತು ಹಿಂದುಸ್ತಾನ್ ಝಿಂಕ್ ಕಂಪನಿ ಸೇರಿ ನಡೆಸಿದ ಉತ್ಖನನದಲ್ಲಿ ಪಾಲ್ ಕ್ರ್ಯಾಡಕ್, ಕೆ.ಟಿ.ಎಂ. ಹೆಗಡೆ ಮೊದಲಾದ ವಿದ್ವಾಂಸರು ಹಳೆಯ ಕುಲುಮೆಗಳನ್ನು ಇದ್ದಂತೆಯೇ ಹೊರತೆಗೆದರು. ಒಂದೊಂದು ಕುಲುಮೆಯಲ್ಲಿ 36 ಮಣ್ಣಿನ ಮೂಸೆಗಳು ತಲೆಕೆಳಗಾಗಿ ನಿಂತಿದ್ದವು. ಮೇಲಿನ ಕೋಣೆಯಲ್ಲಿ ಬೆಂಕಿ, ಕೆಳಗಿನ ಕೋಣೆಯಲ್ಲಿ ತಂಪು. ಆವಿ ಮೂಸೆಯ ಕೊರಳಿನಿಂದ ಕೆಳಗಿಳಿದು ತಣಿದು ಹನಿಯಾಗಿ ಬೀಳುವ ಏರ್ಪಾಡು. ಹನ್ನೆರಡು-ಹದಿಮೂರನೆಯ ಶತಮಾನದ ಹೊತ್ತಿಗೆ ಇದು ಉದ್ಯಮವೇ ಆಗಿತ್ತು. ಬಳಸಿ ಎಸೆದ ಮೂಸೆಗಳ ರಾಶಿ ಲಕ್ಷಾಂತರ ಟನ್ನುಗಳಷ್ಟಿದೆ; ಊರಿನವರು ಅವನ್ನೇ ಇಟ್ಟಿಗೆಯಂತೆ ಜೋಡಿಸಿ ಮನೆಯ ಗೋಡೆ ಕಟ್ಟಿದ್ದುಂಟು. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ವಿಲಿಯಂ ಚಾಂಪಿಯನ್ ಎಂಬಾತ ಹೀಗೆಯೇ ಆವಿಯನ್ನು ಕೆಳಮುಖವಾಗಿ ಇಳಿಸಿ ಸತು ತೆಗೆಯುವ ವಿಧಾನಕ್ಕೆ ಪೇಟೆಂಟ್ ಪಡೆದದ್ದು 1738ರಲ್ಲಿ.

ಸುಮಾರು ಹದಿಮೂರನೆಯ ಶತಮಾನದ 'ರಸರತ್ನಸಮುಚ್ಚಯ' ಎಂಬ ಸಂಸ್ಕೃತ ಗ್ರಂಥದಲ್ಲಿ ಈ ಕ್ರಿಯೆಯ ವಿವರವಿದೆ. 'ರಸಕ'ವೆಂಬ ಸತುವಿನ ಅದಿರಿಗೆ ಅರಿಶಿನ, ತ್ರಿಫಲ, ರಾಳ, ಸೈಂಧವ ಲವಣ, ಇಲ್ಲಣ, ಬಿಳಿಗಾರ, ಕರಿಗೇರು ಸೇರಿಸಿ, ಹುಳಿರಸದಲ್ಲಿ ಅರೆದು, 'ವೃಂತಾಕ ಮೂಷೆ'ಯೊಳಗೆ ಮೆತ್ತಬೇಕು. ವೃಂತಾಕವೆಂದರೆ ಬದನೆಕಾಯಿ. ಝಾವರ್‌ನಲ್ಲಿ ಸಿಕ್ಕ ಮೂಸೆಗಳ ಆಕಾರವೂ ಬದನೆಕಾಯಿಯದೇ. ನೀಲಿಯಾಗಿದ್ದ ಜ್ವಾಲೆ ಬಿಳಿಯಾಗುವುದನ್ನು ನೋಡಿ ಲೋಹ ಬರುತ್ತಿದೆಯೆಂದು ತಿಳಿಯಬೇಕು ಎಂಬ ಸೂಚನೆಯೂ ಅಲ್ಲಿದೆ. ಕುಲುಮೆಯ ಮುಂದೆ ನಿಂತು ಕಂಡವರಲ್ಲದೆ ಇದನ್ನು ಬರೆಯಲಾರರು.

ಇಲ್ಲಿ ಅರಿಶಿನ, ಅಳಲೆಕಾಯಿಗಳ ಪಾತ್ರವೇನು? ಇಂದಿನ ರಸಾಯನಶಾಸ್ತ್ರದ ದೃಷ್ಟಿಯಿಂದ ಅವೆಲ್ಲ ಸುಟ್ಟು ಇಂಗಾಲವಾಗಿ, ಅದಿರಿನಿಂದ ಆಮ್ಲಜನಕವನ್ನು ಕಿತ್ತುಕೊಳ್ಳುತ್ತವೆ. ಇದ್ದಿಲಾದರೂ ಆಗಬಹುದಿತ್ತು, ಝಾವರ್‌ನ ಕೆಲಸಗಾರರು ಬಹುಪಾಲು ಅದನ್ನೇ ಬಳಸಿದಂತೆ ಕಾಣುತ್ತದೆ. ಗ್ರಂಥಕಾರನಿಗೆ ಗಿಡಮೂಲಿಕೆಯ ಗುಣದಲ್ಲಿ ನಂಬಿಕೆಯಿತ್ತು, ಕುಲುಮೆಯವನಿಗೆ ಸೌದೆಯ ಬೆಲೆ ಗೊತ್ತಿತ್ತು.

ಸತು ಲೋಹವಾಗಿ ಸಿಗತೊಡಗಿದ ಮೇಲೆ ಅದು ದಕ್ಷಿಣಕ್ಕೂ ಬಂತು. ಬೀದರಿನ ಬಿದ್ರಿ ಪಾತ್ರೆಗಳು ಮೂಲತಃ ಸತುವಿನವು. ಹದಿನಾರು ಭಾಗ ಸತುವಿಗೆ ಸುಮಾರು ಒಂದು ಭಾಗ ತಾಮ್ರ. ಅಚ್ಚು ಹೊಯ್ದು, ಚಿತ್ತಾರ ಕೊರೆದು, ಬೆಳ್ಳಿಯ ತಂತಿ ಕೂರಿಸಿದ ಮೇಲೆ, ಬೀದರಿನ ಹಳೆಯ ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿದ ನೀರಿನಲ್ಲಿ ಅದ್ದುತ್ತಾರೆ. ಸತುವಿನ ಮೈ ಕಾಡಿಗೆಯಂತೆ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಿಯಾಗಿಯೇ ಉಳಿಯುತ್ತದೆ. ಆ ಕಪ್ಪು ಒಂದು ತೆಳುವಾದ ರಾಸಾಯನಿಕ ಪದರ ಅಷ್ಟೆ.

ಗೆರೆಯೊಳಗೆ ಇಳಿಯುವ ಪುಡಿ

ಹಸಿರು ಸಂಶ್ಲೇಷಣೆಗೆ ನಿಜವಾಗಿ ಹತ್ತಿರ ಬರುವುದು ಲೋಹ ತೆಗೆಯುವ ವಿದ್ಯೆಯಲ್ಲ, ಲೋಹ ಸುಡುವ ವಿದ್ಯೆ. ಆಯುರ್ವೇದದ ರಸಶಾಸ್ತ್ರದಲ್ಲಿ ಇದಕ್ಕೆ 'ಮಾರಣ'ವೆಂದು ಹೆಸರು, ಎಂದರೆ ಲೋಹವನ್ನು ಕೊಲ್ಲುವುದು. ಕರ್ನಾಟಕಕ್ಕೂ ಈ ವಿದ್ಯೆಯ ನಂಟು ಹಳೆಯದು. ರಾಷ್ಟ್ರಕೂಟ ಅಮೋಘವರ್ಷನ ಕಾಲದ ಜೈನ ವೈದ್ಯ ಉಗ್ರಾದಿತ್ಯನ 'ಕಲ್ಯಾಣಕಾರಕ'ದಲ್ಲಿ ಪಾದರಸದ ಔಷಧಗಳಿಗೇ ಮೀಸಲಾದ ಅಧ್ಯಾಯವಿದೆ.

ಯಶದ ಭಸ್ಮ, ಅಂದರೆ ಸತುವಿನ ಭಸ್ಮ, ತಯಾರಾಗುವ ಬಗೆ ಹೀಗೆ. ಸತುವನ್ನು ಕರಗಿಸಿ ಹಾಲಿಗೋ ಸುಣ್ಣದ ತಿಳಿಗೋ ಮತ್ತೆ ಮತ್ತೆ ಹೊಯ್ಯುತ್ತಾರೆ. ಪ್ರತಿ ಸಲವೂ ಲೋಹ ಸಿಡಿದು ಚೂರಾಗುತ್ತದೆ. ಆಮೇಲೆ ಕಬ್ಬಿಣದ ಬಾಣಲೆಯಲ್ಲಿ ಕರಗಿಸಿ, ಉತ್ತರಣೆ ಗಿಡದ ಪುಡಿಯನ್ನೋ ಬೇವಿನ ಎಲೆಯನ್ನೋ ಉದುರಿಸುತ್ತ ಸಟ್ಟುಗದಿಂದ ತಿಕ್ಕಿ ಪುಡಿ ಮಾಡುತ್ತಾರೆ. ಆ ಪುಡಿಗೆ ಲೋಳೆಸರದ ರಸ ಹಾಕಿ ಕಲ್ವದಲ್ಲಿ ದಿನಗಟ್ಟಲೆ ಅರೆದು, ಬಿಲ್ಲೆ ತಟ್ಟಿ ಒಣಗಿಸಿ, ಎರಡು ಮಣ್ಣಿನ ಶರಾವೆಗಳ ನಡುವೆ ಇಟ್ಟು, ಚೀಲಮಣ್ಣು ಮಾಡಿ, ಗುಂಡಿಯಲ್ಲಿ ಬೆರಣಿಯ ನಡುವೆ ಹುದುಗಿಸಿ ಸುಡುತ್ತಾರೆ. ಇದು ಒಂದು ಪುಟ. ತಣಿದ ಮೇಲೆ ತೆಗೆದು ಮತ್ತೆ ರಸ, ಮತ್ತೆ ಅರೆತ, ಮತ್ತೆ ಪುಟ.

ಎಷ್ಟು ಪುಟ ಎಂಬುದನ್ನು ಪಂಚಾಂಗ ಹೇಳುವುದಿಲ್ಲ, ಪರೀಕ್ಷೆಗಳು ಹೇಳುತ್ತವೆ. ಭಸ್ಮವನ್ನು ಬೆರಳುಗಳ ನಡುವೆ ತಿಕ್ಕಿದರೆ ಅದು ಬೆರಳಿನ ಗೆರೆಗಳೊಳಗೆ ಇಳಿಯಬೇಕು, ಇದು ರೇಖಾಪೂರ್ಣ. ನಿಂತ ನೀರಿನ ಮೇಲೆ ಉದುರಿಸಿದರೆ ತೇಲಬೇಕು, ಇದು ವಾರಿತರ. ತೇಲುವ ಆ ಪದರದ ಮೇಲೆ ಅಕ್ಕಿಕಾಳು ಇಟ್ಟರೂ ಮುಳುಗಬಾರದು. ಬಿಸಿಲಿಗೆ ಹಿಡಿದರೆ ಲೋಹದ ಮಿನುಗು ಕಾಣಬಾರದು. ಬೆಲ್ಲ, ಗುಲಗಂಜಿ, ತುಪ್ಪ, ಬಿಳಿಗಾರಗಳೊಡನೆ ಮತ್ತೆ ಕಾಯಿಸಿದರೂ ಲೋಹ ಮರುಹುಟ್ಟು ಪಡೆಯಬಾರದು. ಸೂಕ್ಷ್ಮದರ್ಶಕವಿಲ್ಲದ ಕಾಲದಲ್ಲಿ ಕಣದ ಗಾತ್ರವನ್ನೂ ರಾಸಾಯನಿಕ ಬದಲಾವಣೆಯನ್ನೂ ಅಳೆಯಲು ಇದಕ್ಕಿಂತ ಜಾಣತನದ ಉಪಾಯ ಹೊಳೆಯುವುದು ಕಷ್ಟ. ಇವು ಮಂತ್ರವಲ್ಲ, ಮಾಪನ.

2009ರಲ್ಲಿ ಮುಂಬಯಿಯ ಐ.ಐ.ಟಿ.ಯ ಸಂಶೋಧಕರು ಯಶದ ಭಸ್ಮವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ಪರೀಕ್ಷಿಸಿದಾಗ, ಅದು ಸತುವಿನ ಆಕ್ಸೈಡ್ ಎಂದೂ, ಅದರಲ್ಲಿ ನ್ಯಾನೋ ಗಾತ್ರದ ಕಣಗಳಿವೆಯೆಂದೂ, ಆ ಆಕ್ಸೈಡಿನಲ್ಲಿ ಆಮ್ಲಜನಕದ ಪಾಲು ಇರಬೇಕಾದುದಕ್ಕಿಂತ ಕೊಂಚ ಕಡಿಮೆಯೆಂದೂ ಕಂಡುಬಂತು. ನ್ಯಾನೋಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದ ಒಂದು ಭಾಗ. ಬ್ಯಾಕ್ಟೀರಿಯಾ ಒಂದರ ಉದ್ದವೇ ಸಾವಿರ ನ್ಯಾನೋಮೀಟರಿನ ಆಸುಪಾಸು.

ಹಾಗಾದರೆ ಪೂರ್ವಿಕರಿಗೆ ನ್ಯಾನೋ ತಂತ್ರಜ್ಞಾನ ಗೊತ್ತಿತ್ತೇ? ಇಂಥ ಕಣಗಳನ್ನು ಅವರು ಮಾಡಿದ್ದರು ಎಂಬುದು ನಿಜ. ದೀಪದ ಮೇಲೆ ತಟ್ಟೆ ಹಿಡಿದು ಕಾಡಿಗೆ ಮಾಡಿದ ಅಜ್ಜಿಯೂ ನ್ಯಾನೋ ಕಣಗಳನ್ನೇ ಮಾಡಿದ್ದಳು. ಮಾಡುವುದು ಬೇರೆ, ಇಂಥದೆಂದು ತಿಳಿದು ಬೇಕಾದಂತೆ ಬದಲಿಸುವುದು ಬೇರೆ. ರಸವಾದಿಗಳ ಲಕ್ಷ್ಯ ಲೋಹವನ್ನು ದೇಹಕ್ಕೆ ಒಗ್ಗುವಂತೆ ಮಾಡುವುದರ ಮೇಲಿತ್ತು. ರೋಗಾಣು ಎಂಬ ಕಲ್ಪನೆಯೇ ಅವರಲ್ಲಿರಲಿಲ್ಲ. ಭಸ್ಮವನ್ನು ಬ್ಯಾಕ್ಟೀರಿಯಾನಾಶಕವೆಂದು ಅವರು ಕೊಟ್ಟಿರಲಿಲ್ಲ. ಇನ್ನೊಂದು ಕಟು ಸಂಗತಿಯನ್ನೂ ಮರೆಯುವಂತಿಲ್ಲ. ಸತು ದೇಹಕ್ಕೆ ಬೇಕಾದ ಧಾತು. ಸೀಸ, ಪಾದರಸ, ಪಾಷಾಣಗಳು ಹಾಗಲ್ಲ. 2004ರಲ್ಲಿ ಅಮೆರಿಕದ ಬಾಸ್ಟನ್ ಸುತ್ತಮುತ್ತಲ ಅಂಗಡಿಗಳಿಂದ ಕೊಂಡ 70 ಆಯುರ್ವೇದ ಔಷಧಗಳನ್ನು ಪರೀಕ್ಷಿಸಿದಾಗ 14ರಲ್ಲಿ ಈ ಮೂರರಲ್ಲಿ ಒಂದಾದರೂ ಪತ್ತೆಯಾಯಿತು. 2008ರಲ್ಲಿ 193 ಔಷಧಗಳ ಪರೀಕ್ಷೆಯಲ್ಲೂ ಐದರಲ್ಲೊಂದರ ಕಥೆ ಇದೇ. ಸುಟ್ಟು ನುಣ್ಣಗೆ ಮಾಡಿದ ಮಾತ್ರಕ್ಕೆ ಸೀಸ ಸೀಸವಲ್ಲದೆ ಹೋಗುವುದಿಲ್ಲ.

ತಾಮ್ರದ ಬಿಂದಿಗೆ, ಅಡಿಕೆಯ ಕೊನೆ

ಲೋಹ ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತದೆ ಎಂಬುದು ಶಾಸ್ತ್ರೀಯವಾಗಿ ಗೊತ್ತಾದದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ. ಸ್ವಿಟ್ಜರ್‌ಲೆಂಡಿನ ಸಸ್ಯಶಾಸ್ತ್ರಜ್ಞ ಕಾರ್ಲ್ ನೇಗೆಲಿ, ಅತ್ಯಲ್ಪ ತಾಮ್ರವಿರುವ ನೀರಿನಲ್ಲೂ ಪಾಚಿಯ ಎಳೆಗಳು ಸಾಯುವುದನ್ನು ಕಂಡ. ಅವನು ತೀರಿಕೊಂಡ ಎರಡು ವರ್ಷಗಳ ಮೇಲೆ, 1893ರಲ್ಲಿ, ಆ ಬರಹ ಪ್ರಕಟವಾಯಿತು.

ಅದಕ್ಕೂ ಮೊದಲೇ ಫ್ರಾನ್ಸಿನ ದ್ರಾಕ್ಷಿ ತೋಟದವರಿಗೆ ತಾಮ್ರ ಬೇರೊಂದು ದಾರಿಯಿಂದ ದಕ್ಕಿತ್ತು. ದಾರಿಹೋಕರು ಹಣ್ಣು ಕದಿಯದಿರಲೆಂದು ರಸ್ತೆಬದಿಯ ಬಳ್ಳಿಗಳಿಗೆ ಅವರು ಮೈಲುತುತ್ತ-ಸುಣ್ಣ ಬಳಿಯುತ್ತಿದ್ದರು. ಆ ಬಳ್ಳಿಗಳಿಗೆ ಬೂಷ್ಟು ರೋಗ ತಗುಲದಿರುವುದನ್ನು ಬೋರ್ಡೊ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಮಿಲಾರ್ಡೆ ಗಮನಿಸಿ 1885ರಲ್ಲಿ ಪ್ರಕಟಿಸಿದ. ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ, ಕೆನಡಾ ಮೂಲದ ಲೆಸ್ಲಿ ಕೋಲ್ಮನ್ 1910ರ ಸುಮಾರಿಗೆ ಇದೇ ಬೋರ್ಡೊ ದ್ರಾವಣವನ್ನು ಮಲೆನಾಡಿನ ಅಡಿಕೆಯ ಕೊಳೆರೋಗಕ್ಕೆ ತಂದರು. ಅದುವರೆಗೆ ಮಳೆಯ ನೀರು ಬೀಳದಂತೆ ಕೊನೆಗಳಿಗೆ ಕೊಟ್ಟೆ ಕಟ್ಟುವುದೊಂದೇ ಉಪಾಯವಾಗಿತ್ತು. ಮುಂಗಾರಿಗೆ ಮುನ್ನ ಮೈಲುತುತ್ತ-ಸುಣ್ಣ ಹೊಡೆಯುವ ವಾಡಿಕೆ ಇಂದಿಗೂ ಇದೆ.

ತಾಮ್ರದ ಬಿಂದಿಗೆಯಲ್ಲಿ ರಾತ್ರಿ ನೀರಿಟ್ಟು ಬೆಳಿಗ್ಗೆ ಕುಡಿಯುವ ರೂಢಿಯನ್ನೂ 2012ರಲ್ಲಿ ಬೆಂಗಳೂರಿನ ಆಯುರ್ವೇದ ಸಂಶೋಧನ ಸಂಸ್ಥೆಯೊಂದು ಒರೆಗೆ ಹಚ್ಚಿತು. ಕಾಲರಾ, ಆಮಶಂಕೆ, ವಾಂತಿಭೇದಿ ತರುವ ಬ್ಯಾಕ್ಟೀರಿಯಾಗಳನ್ನು ನೀರಿಗೆ ಬೆರೆಸಿ 16 ಗಂಟೆ ತಾಮ್ರದ ಪಾತ್ರೆಯಲ್ಲಿಟ್ಟರೆ, ಜೀವಂತ ಬ್ಯಾಕ್ಟೀರಿಯಾ ಒಂದೂ ಸಿಗಲಿಲ್ಲ. ನೀರಿಗೆ ಇಳಿದ ತಾಮ್ರ ವಿಶ್ವ ಆರೋಗ್ಯ ಸಂಸ್ಥೆಯ ಮಿತಿಗಿಂತ ಬಹಳ ಕಡಿಮೆ ಇತ್ತು. ಹಳೆಯ ರೂಢಿಯನ್ನು ಹೊಗಳುವುದಕ್ಕೂ ತೆಗಳುವುದಕ್ಕೂ ಮುನ್ನ ಹೀಗೆ ಪರೀಕ್ಷಿಸಿ ನೋಡುವುದು ಎಲ್ಲರಿಗೂ ಕ್ಷೇಮ.

ಪಾತ್ರೆಯೇ ಸಾಕಾದರೆ ಪುಡಿಯೇಕೆ? ಲೆಕ್ಕ ಸರಳ. ಒಂದು ಸೆಂಟಿಮೀಟರ್ ಅಳತೆಯ ಘನದ ಮೇಲ್ಮೈ ಆರು ಚದರ ಸೆಂಟಿಮೀಟರ್. ಅದನ್ನೇ ಹತ್ತು ನ್ಯಾನೋಮೀಟರಿನ ಘನಗಳಾಗಿ ಕತ್ತರಿಸಿದರೆ ಒಟ್ಟು ಮೇಲ್ಮೈ 600 ಚದರ ಮೀಟರ್. ಎಂದರೆ 60-40 ಅಳತೆಯ ಎರಡೂವರೆ ಸೈಟುಗಳಿಗಿಂತ ಹೆಚ್ಚು. ರೋಗಾಣು ಮತ್ತು ಲೋಹದ ಮುಖಾಮುಖಿ ನಡೆಯುವುದು ಮೇಲ್ಮೈಯಲ್ಲಿ. ಕಣ ಸಣ್ಣದಾದಂತೆ ಬಣ್ಣ, ಗುಣಗಳೂ ಬದಲಾಗುತ್ತವೆಂದು ಮೈಕೆಲ್ ಫ್ಯಾರಡೆ 1857ರಲ್ಲೇ ತೋರಿಸಿದ್ದ. ಅವನು ಮಾಡಿದ ಚಿನ್ನದ ದ್ರಾವಣ ಹಳದಿಯಾಗಿರದೆ ಮಾಣಿಕ್ಯದಂತೆ ಕೆಂಪಗಿತ್ತು.

ಪುಣೆಯ ನಿಂಬೆಹುಲ್ಲು, ತುಮಕೂರಿನ ಕಕ್ಕೆ

ಸಣ್ಣ ಕಣದ ಆಕ್ಸೈಡ್ ಮಾಡುವ ವಿಧಾನಗಳಲ್ಲಿ ಒಂದು ಬೆಂಗಳೂರಿನಲ್ಲೇ ಬೆಳೆಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಕೆ.ಸಿ. ಪಾಟೀಲ ಮತ್ತು ಸಂಗಡಿಗರು 1988ರಲ್ಲಿ ಪ್ರಕಟಿಸಿದಂತೆ, ಅಲ್ಯೂಮಿನಿಯಂ ನೈಟ್ರೇಟಿಗೆ ಯೂರಿಯಾ ಬೆರೆಸಿದ ನೀರನ್ನು 500 ಡಿಗ್ರಿಯ ಒಲೆಯೊಳಗಿಟ್ಟರೆ, ಅದು ಕುದಿದು, ನೊರೆಯುಕ್ಕಿ, ಧಗ್ಗನೆ ಹೊತ್ತಿ, ಕೆಲವೇ ನಿಮಿಷಗಳಲ್ಲಿ ಹಗುರವಾದ ಆಕ್ಸೈಡ್ ಪುಡಿಯಾಗುತ್ತದೆ. ಹೊಲಕ್ಕೆ ಹಾಕುವ ಯೂರಿಯಾ ಇಲ್ಲಿ ಇಂಧನ. ಜಗತ್ತಿನ ಅನೇಕ ಪ್ರಯೋಗಶಾಲೆಗಳು ಈ ದಹನ ವಿಧಾನವನ್ನು ಎತ್ತಿಕೊಂಡವು.

ಗಿಡದ ಕಡೆಯಿಂದ ಬಂದ ದಾರಿ ಬೇರೆ. 2002ರಲ್ಲಿ ಅಮೆರಿಕದ ಟೆಕ್ಸಸ್‌ನಲ್ಲಿ ಕುದುರೆಮಸಾಲೆ ಸೊಪ್ಪಿನ ಗಿಡಗಳು ಚಿನ್ನದ ಲವಣವನ್ನು ಹೀರಿ ಒಳಗೇ ಚಿನ್ನದ ನ್ಯಾನೋ ಕಣಗಳನ್ನು ಮಾಡಿಕೊಂಡದ್ದು ವರದಿಯಾಯಿತು. ಪುಣೆಯ ರಾಷ್ಟ್ರೀಯ ರಸಾಯನ ಪ್ರಯೋಗಾಲಯದಲ್ಲಿ ಮುರಳಿ ಶಾಸ್ತ್ರಿ ಅವರ ತಂಡ ಗಿಡವನ್ನು ಬಿಟ್ಟು ಎಲೆಯ ಕಷಾಯವನ್ನಷ್ಟೇ ಹಿಡಿಯಿತು. 2003ರಲ್ಲಿ ಜೆರೇನಿಯಂ ಎಲೆ, 2004ರಲ್ಲಿ ಬೇವು. ಅದೇ ವರ್ಷ ನಿಂಬೆಹುಲ್ಲಿನ ಕಷಾಯದಿಂದ ತ್ರಿಕೋನಾಕಾರದ ಚಿನ್ನದ ಕಣಗಳು. ವಿಷಕಾರಿ ರಾಸಾಯನಿಕವಿಲ್ಲ, ದುಬಾರಿ ಯಂತ್ರವಿಲ್ಲ. ಒಲೆ, ಸೊಪ್ಪು, ಲವಣ ಸಾಕು. ಬಡ ಪ್ರಯೋಗಶಾಲೆಗಳಿಗೂ ಎಟುಕುವ ವಿಜ್ಞಾನವಿದು ಎಂಬುದೇ ಇದರ ದೊಡ್ಡ ಆಕರ್ಷಣೆ. 2011ರಲ್ಲಿ ತಮಿಳುನಾಡಿನ ಸಂಶೋಧಕರು ಲೋಳೆಸರದಿಂದ ಸತುವಿನ ಆಕ್ಸೈಡ್ ಮಾಡಿದರು. ಯಶದ ಭಸ್ಮಕ್ಕೆ ಹೇಳಿದ ಗಿಡವೇ ಅದು.

ಎರಡು ದಾರಿಗಳೂ ಕೂಡಿದ್ದು ಕರ್ನಾಟಕದಲ್ಲಿ. ಯೂರಿಯಾದ ಬದಲು ಗಿಡದ ರಸವನ್ನೇ ಇಂಧನ ಮಾಡಿದರೆ ಹೇಗೆ ಎಂದು ತುಮಕೂರು, ಬೆಂಗಳೂರುಗಳ ಅಧ್ಯಾಪಕರು ಪ್ರಯೋಗಕ್ಕಿಳಿದರು. 2015ರಲ್ಲಿ ತುಮಕೂರಿನ ತಂಡವೊಂದು ಕಕ್ಕೆ ಗಿಡದ ಸಾರಕ್ಕೆ ಸತುವಿನ ನೈಟ್ರೇಟ್ ಬೆರೆಸಿ ದಹಿಸಿ ಪಡೆದ ನ್ಯಾನೋ ಪುಡಿ, ಕರುಳಿನ ಇ. ಕೋಲೈ, ಕೀವು ತರುವ ಸ್ಟಫೈಲೊಕಾಕಸ್ ಮುಂತಾದ ಬ್ಯಾಕ್ಟೀರಿಯಾಗಳ ಬೆಳವಣಿಗೆಯನ್ನು ತಡೆಯಿತೆಂದು ವರದಿ ಮಾಡಿತು.

ಕಷಾಯ ಇಲ್ಲಿ ಮಾಡುವುದೇನು? ಚಿನ್ನ, ಬೆಳ್ಳಿಗಳ ವಿಷಯದಲ್ಲಿ ಸ್ಪಷ್ಟ: ಎಲೆಯ ಒಗರು ದ್ರವ್ಯಗಳು ಲವಣವನ್ನು ಅಪಕರ್ಷಿಸಿ ಲೋಹವನ್ನಾಗಿ ಮಾಡುತ್ತವೆ, ದ್ರಾವಣದ ಬಣ್ಣ ಕಣ್ಣೆದುರೇ ಬದಲಾಗುತ್ತದೆ. ಸತುವಿನ ಆಕ್ಸೈಡಿನಲ್ಲಿ ಹಾಗಾಗುವುದಿಲ್ಲ. ಅಲ್ಲಿ ಸತು ಮೊದಲೂ ಅಯಾನು, ಕೊನೆಗೂ ಅಯಾನು. ಎಲೆಯ ದ್ರವ್ಯಗಳು ಸತುವನ್ನು ಹಿಡಿದುಕೊಂಡು ಕಣಗಳು ಒಂದಕ್ಕೊಂದು ಅಂಟಿ ದಪ್ಪವಾಗದಂತೆ ತಡೆಯುತ್ತವೆ, ಆಮೇಲೆ ಬೆಂಕಿಯಲ್ಲಿ ಸುಟ್ಟುಹೋಗುತ್ತವೆ. ಇಲ್ಲೂ ಅಪಕರ್ಷಣವೇ ನಡೆಯಿತೆಂದು ಬರೆಯುವ ಪ್ರಬಂಧಗಳಿಗೆ ಲೆಕ್ಕವಿಲ್ಲ. ಬೆಳ್ಳಿಯ ಪ್ರಬಂಧದಿಂದ ಸತುವಿನ ಪ್ರಬಂಧಕ್ಕೆ ನಕಲಾಗಿ ಬಂದ ತಪ್ಪು ಅದು.

ಹೀಗೆ ಹುಟ್ಟಿದ ಪುಡಿ ಬ್ಯಾಕ್ಟೀರಿಯಾವನ್ನು ಕೊಲ್ಲುವ ಬಗೆಯೂ ಒಂದಲ್ಲ. ಕಣ ನಿಧಾನವಾಗಿ ಕರಗಿ ಸತುವಿನ ಅಯಾನುಗಳನ್ನು ಬಿಡುತ್ತದೆ. ಅವು ಜೀವಕೋಶದ ಕಿಣ್ವಗಳನ್ನು ಕೆಡಿಸುತ್ತವೆ. ಕಣದ ಮೈಯಲ್ಲಿ ಹೈಡ್ರೋಜನ್ ಪೆರಾಕ್ಸೈಡಿನಂಥ ಉಗ್ರ ದ್ರವ್ಯಗಳು ಹುಟ್ಟುತ್ತವೆಂದು ಜಪಾನಿನ ಸಂಶೋಧಕರು 1990ರ ದಶಕದಲ್ಲೇ ತೋರಿಸಿದ್ದರು. ಕಣಗಳು ಕೋಶದ ಪೊರೆಗೆ ಅಂಟಿ ಅದನ್ನು ಘಾಸಿಗೊಳಿಸುವುದೂ ಉಂಟು. ಹೀಗೆ ಹಲವು ಕಡೆಯಿಂದ ಪೆಟ್ಟು ಬೀಳುವುದರಿಂದ ಬ್ಯಾಕ್ಟೀರಿಯಾ ಸುಲಭವಾಗಿ ನಿರೋಧ ಬೆಳೆಸಿಕೊಳ್ಳಲಾರದು ಎಂಬ ಆಸೆ ಈ ಸಂಶೋಧನೆಯ ಹಿಂದಿದೆ.

ಆ ಆಸೆಗೆ ಕಾರಣ ದೊಡ್ಡದು. ಆ್ಯಂಟಿಬಯಾಟಿಕ್ ಔಷಧಗಳಿಗೆ ಬಗ್ಗದ ಬ್ಯಾಕ್ಟೀರಿಯಾಗಳ ನೇರ ಕಾರಣದಿಂದ 2019ರ ಒಂದೇ ವರ್ಷ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಸತ್ತರೆಂದು 2022ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯ ಅಧ್ಯಯನ ಅಂದಾಜು ಮಾಡಿತು. ಹೊಸ ಆ್ಯಂಟಿಬಯಾಟಿಕ್‌ಗಳು ಬರುವುದು ಅಪರೂಪವಾಗಿದೆ. ಸೊಪ್ಪಿನಿಂದ ಮಾಡಿದ ಅಗ್ಗದ ಪುಡಿಯೊಂದು ಗಾಯದ ಪಟ್ಟಿಗೋ ಆಸ್ಪತ್ರೆಯ ಬಟ್ಟೆಗೋ ಒದಗಿದರೆ ಅದು ಸಣ್ಣ ಲಾಭವಲ್ಲ.

ಆದರೆ ಬಹುಪಾಲು ಪ್ರಬಂಧಗಳು ಗಾಜಿನ ತಟ್ಟೆಯಲ್ಲೇ ನಿಂತುಬಿಡುತ್ತವೆ. ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಬೆಳೆಸಿ, ನಡುವೆ ಪುಡಿಯಿಟ್ಟು, ಸುತ್ತ ಎಷ್ಟು ಮಿಲಿಮೀಟರ್ ಖಾಲಿಯಾಯಿತೆಂದು ಅಳೆದು ಮುಗಿಸುತ್ತಾರೆ. ಅದೇ ಕಣ ಮನುಷ್ಯನ ಜೀವಕೋಶವನ್ನು ಬಿಟ್ಟೀತೇ ಎಂಬುದು ಬೇರೆಯದೇ ಪರೀಕ್ಷೆ. ಹಿತ್ತಾಳೆ ಎರಕದ ಕೆಲಸಗಾರರಿಗೆ ಸತುವಿನ ಹೊಗೆ ಕುಡಿದು ಸಂಜೆ ಚಳಿಜ್ವರ ಬರುವುದು ಹಳೆಯ ಕಾಲದಿಂದ ಗೊತ್ತಿರುವ ಕಾಯಿಲೆ. ಆ ಹೊಗೆ ಎಂದರೆ ಗಾಳಿಯಲ್ಲಿ ತೇಲುವ ಇದೇ ಸೂಕ್ಷ್ಮ ಆಕ್ಸೈಡ್. ಇನ್ನು ಎಲೆಯ ಕಷಾಯ ಊರಿಂದೂರಿಗೆ, ಮಳೆಗಾಲದಿಂದ ಬೇಸಿಗೆಗೆ ಬದಲಾಗುತ್ತದೆ. ಕಣದ ಗಾತ್ರವೂ ಅದರೊಡನೆ ಬದಲಾದೀತು. ರಸಶಾಸ್ತ್ರದವರು ಪ್ರತಿ ಪುಟದ ನಂತರ ಪರೀಕ್ಷೆ ಮಾಡುತ್ತಿದ್ದುದಕ್ಕೆ ಅರ್ಥವಿತ್ತು. 'ಹಸಿರು' ಎಂಬ ಹೆಸರಿನಲ್ಲೂ ಸ್ವಲ್ಪ ಉತ್ಪ್ರೇಕ್ಷೆಯಿದೆ. ಸೊಪ್ಪು ಹಿತ್ತಲಿನದಾದರೂ ಸತುವಿನ ನೈಟ್ರೇಟ್ ಕಾರ್ಖಾನೆಯದೇ, 400-500 ಡಿಗ್ರಿಯ ಒಲೆಗೆ ಬೇಕಾದ ವಿದ್ಯುತ್ತೂ ಎಲ್ಲಿಂದಲೋ ಬರಬೇಕು.

ಬ್ಯಾಕ್ಟೀರಿಯಾ ನಿರೋಧ ಬೆಳೆಸಿಕೊಳ್ಳದು ಎಂಬ ಮಾತಿಗೆ ಉತ್ತರ ಸಿಕ್ಕಿದ್ದು ಪ್ರಯೋಗಶಾಲೆಯಲ್ಲಿ ಮಾತ್ರವಲ್ಲ, ಯುರೋಪಿನ ಹಂದಿ ದೊಡ್ಡಿಗಳಲ್ಲಿ. ತಾಯಿಯಿಂದ ಬಿಡಿಸಿದ ಮರಿಗಳಿಗೆ ಭೇದಿಯಾಗದಿರಲೆಂದು ಅಲ್ಲಿನವರು ಮೇವಿನ ಪ್ರತಿ ಕಿಲೋಗೆ 2,500 ಮಿಲಿಗ್ರಾಮಿನವರೆಗೆ ಸತುವನ್ನು ಸಾಧಾರಣ ಆಕ್ಸೈಡ್ ರೂಪದಲ್ಲಿ ವರ್ಷಗಟ್ಟಲೆ ತಿನ್ನಿಸುತ್ತಿದ್ದರು. ಭೇದಿ ನಿಂತಿತು. ಆದರೆ ಮರಿಗಳ ದೇಹ ಹೀರದೆ ಬಿಟ್ಟ ಸತುವೆಲ್ಲ ಗೊಬ್ಬರದ ಮೂಲಕ ಹೊಲ ಸೇರಿ ಮಣ್ಣಿನಲ್ಲಿ ಕೂಡಿಕೊಳ್ಳತೊಡಗಿತು. ಜೊತೆಗೆ, ಸತುವನ್ನು ತಾಳಿಕೊಳ್ಳುವ ಬ್ಯಾಕ್ಟೀರಿಯಾಗಳೇ ಉಳಿದು ಬೆಳೆದವು. ಅವುಗಳಲ್ಲಿ ಸತು ತಾಳುವ ಜೀನುಗಳ ಪಕ್ಕದಲ್ಲೇ ಆ್ಯಂಟಿಬಯಾಟಿಕ್ ತಾಳುವ ಜೀನುಗಳೂ ಇರುವುದು ಕಂಡಿತು. ಯುರೋಪಿಯನ್ ಒಕ್ಕೂಟ 2017ರಲ್ಲಿ ತೀರ್ಮಾನ ತೆಗೆದುಕೊಂಡು, ಐದು ವರ್ಷಗಳ ಕಾಲಾವಕಾಶ ಕೊಟ್ಟು, 2022ರ ಜೂನ್‌ನಲ್ಲಿ ಔಷಧದ ಪ್ರಮಾಣದ ಸತುವಿನ ಆಕ್ಸೈಡನ್ನು ಹಂದಿಮರಿಗಳ ಮೇವಿನಿಂದ ನಿಷೇಧಿಸಿತು. ಸಾಕಣೆದಾರರು ಈಗ ಮರಿಗಳನ್ನು ತಡವಾಗಿ ಬಿಡಿಸುವುದು, ಮೇವಿನಲ್ಲಿ ಪ್ರೋಟೀನ್ ತಗ್ಗಿಸುವುದು, ದೊಡ್ಡಿಯನ್ನು ಇನ್ನಷ್ಟು ಚೊಕ್ಕಟವಾಗಿಡುವುದು ಮುಂತಾದ ಉಪಾಯಗಳನ್ನು ಹಿಡಿದಿದ್ದಾರೆ.